ಒಂದು ನಿಮಿಷದ ಪಾಠ

ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ನಾಗವೇಣಿ ನಿಯಂತ್ರಣ ಕೊಠಡಿಯ ಕ್ಯಾಮೆರಾದ ಎದುರು ಕೂರುತ್ತಿದ್ದಳು. ಕೈಯಲ್ಲಿ ಸ್ಲೇಟು, ಮಡಿಲಲ್ಲಿ ನಾಲ್ಕು ವರ್ಷದ ಮಗ ನಂದೀಶ. ಯಂತ್ರ ನೋಡಿಕೊಳ್ಳುವ ಸೆಲ್ವರಾಜ್ ಕೈ ಎತ್ತಿದರೆ ಪಾಠ ಶುರು, ಕೈ ಇಳಿಸಿದರೆ ಮುಗಿಯಿತು. ನಡುವೆ ಅರವತ್ತು ಸೆಕೆಂಡು. ಮಗಳು ಮೇದಿನಿಗೆ ಅವಳು ದಿನಕ್ಕೆ ಕಲಿಸಬಹುದಾಗಿದ್ದದ್ದು ಅಷ್ಟೇ.

ಮೇದಿನಿ ಇದ್ದದ್ದು ಅದೇ ಜಾಗದ ಕೆಳಗೆ, ಒಂದೂವರೆ ಕಿಲೋಮೀಟರ್ ಆಳದಲ್ಲಿ, ಚಿನ್ನವೆಲ್ಲ ಬರಿದಾದ ಕೋಲಾರದ ಹಳೆಯ ಗಣಿಯೊಂದರ ಬಂಡೆಯೊಳಗೆ. ಅಲ್ಲಿ ಒಂದು ದಿನ ಕಳೆಯುವಷ್ಟರಲ್ಲಿ ಮೇಲೆ ಒಂದು ವರ್ಷ ಕಳೆದಿರುತ್ತಿತ್ತು.

ಇದೆಲ್ಲ ಶುರುವಾಗುವ ಮೊದಲೂ ನಾಗವೇಣಿ ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಗಂಡ ಲಾರಿ ಅಪಘಾತದಲ್ಲಿ ಹೋದಾಗ ನಂದೀಶ ಇನ್ನೂ ಹೊಟ್ಟೆಯಲ್ಲಿದ್ದ. ಮರುವರ್ಷ ಮೇದಿನಿಯನ್ನು ಬಂಗಾರಪೇಟೆಯ ಶಾಲೆಗೆ ಸೇರಿಸಿದಳು. ಮಗು ಮೂರು ತಿಂಗಳು ಹೋಯಿತು. ಆಮೇಲೆ ಸುಮ್ಮಸುಮ್ಮನೆ ಎಡವಿ ಬೀಳತೊಡಗಿತು. ನರಗಳ ಮೇಲಿನ ಪೊರೆ ಕರಗುತ್ತಾ ಹೋಗುವ ಕಾಯಿಲೆ ಎಂದರು ಡಾಕ್ಟರು. ಕೊಡುವ ಔಷಧಿಯಿಂದ ಮೈಯ ಶಕ್ತಿ ಕುಂದುತ್ತದೆ, ಹತ್ತು ಮಕ್ಕಳ ನಡುವೆ ಕೂರಿಸಬೇಡಿ, ಒಂದು ನೆಗಡಿಯನ್ನೂ ತಡೆದುಕೊಳ್ಳಲಾರದು ಎಂದರು. ನಾಗವೇಣಿ ಮದುವೆಗೆ ಮುಂಚೆ ಶಿಕ್ಷಕಿ ತರಬೇತಿ ಮುಗಿಸಿದ್ದಳು, ಕೆಲಸಕ್ಕೆ ಸೇರಿರಲಿಲ್ಲ. 'ಸರಿ, ನನ್ನ ಶಾಲೇಲಿ ಇಬ್ಬರೇ ಮಕ್ಕಳು' ಎಂದುಕೊಂಡು ಅಡುಗೆಮನೆಯ ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿದಳು.

ಆ ಎರಡು ವರ್ಷ ಅವಳ ಬದುಕಿನ ಒಳ್ಳೆಯ ಕಾಲ. ಅವರೆಕಾಯಿ ಸುಲಿಯುತ್ತಾ ಕೂಡುವ ಲೆಕ್ಕ. ಒಂದು ಕಾಯಲ್ಲಿ ನಾಲ್ಕು ಕಾಳಿದ್ದರೆ ಏಳು ಕಾಯಲ್ಲಿ ಎಷ್ಟು? ಹಿತ್ತಲಲ್ಲಿ ಬಟ್ಟೆ ಒಣಗುವುದನ್ನು ನೋಡುತ್ತಾ ನೀರು ಎಲ್ಲಿಗೆ ಹೋಯಿತು ಎಂಬ ವಿಜ್ಞಾನ. ನಂದೀಶ ಹಿಟ್ಟಿನ ಡಬ್ಬಿ ಮಗುಚುತ್ತಿದ್ದ, ಸೀಮೆಸುಣ್ಣ ತಿನ್ನುತ್ತಿದ್ದ. ಹಾಲು ಉಕ್ಕಿ ಒಲೆ ಆರಿಹೋಗುತ್ತಿತ್ತು. ಮೇದಿನಿ ಟೀಚರಿನಂತೆ ಬೆರಳು ಎತ್ತಿ, "ನಂದಿ, ಹೊರಗಡೆ ನಿಂತ್ಕೋ" ಎನ್ನುತ್ತಿದ್ದಳು. ಅವನು ನಿಜವಾಗಿಯೂ ಹೋಗಿ ಹೊಸ್ತಿಲಾಚೆ ನಿಲ್ಲುತ್ತಿದ್ದ. ಅತ್ತೆ ಪಿಳ್ಳಮ್ಮ ಮೂಲೆಯಲ್ಲಿ ಕೂತು ರಾಗಿ ಕೇರುತ್ತಾ, "ಅವ್ನಿಗೆ ಬಯ್ಬೇಡವ್ವ, ನಿಮ್ ಇಸ್ಕೂಲಾಗೆ ನಾನೇ ದಡ್ಡಿ, ನನ್ನ ನಿಲ್ಸು" ಎಂದು ನಗುತ್ತಿದ್ದಳು. ಪಿಳ್ಳಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ.

ಮೇದಿನಿಗೆ ಏಳು ತುಂಬಿದ ತಿಂಗಳು ಕಾಯಿಲೆ ಕಾಲಿನಿಂದ ಮೇಲಕ್ಕೆ ಹತ್ತಿತು. ಉಸಿರಿನ ನರಕ್ಕೆ ತಲುಪಲು ಹದಿನೈದು ದಿನ, ಬಹಳವೆಂದರೆ ಇಪ್ಪತ್ತು ದಿನ ಎಂದರು. ಇದನ್ನು ಗುಣಪಡಿಸುವ ಔಷಧಿ ಹುಡುಕುತ್ತಿದ್ದಾರೆ, ಎಂಟೋ ಹತ್ತೋ ವರ್ಷದಲ್ಲಿ ಸಿಗಬಹುದು ಎಂದೂ ಹೇಳಿದರು. ಆ ಮಾತು ಕೇಳಿ ನಾಗವೇಣಿಗೆ ನಗು ಬಂತು. ಹತ್ತು ವರ್ಷ ಎಲ್ಲಿಂದ ತರುವುದು?

ಅದನ್ನು ತರಬಲ್ಲವಳು ವಿಜ್ಞಾನಿ ಡಾ. ನಿಲೋಫರ್. ಹಳೆಯ ಗಣಿಯ ತಳದಲ್ಲಿ ಅವಳ ತಂಡ ಕಟ್ಟಿದ್ದ ಕೋಣೆಯನ್ನು ಎಲ್ಲರೂ ನಿಧಾನ ಕೋಣೆ ಎನ್ನುತ್ತಿದ್ದರು. ಕೋಣೆಯ ಸುತ್ತ ಒಂದರೊಳಗೊಂದು ಮೂರು ಉಂಗುರಗಳು ಬಿರುಸಾಗಿ ತಿರುಗುತ್ತಿದ್ದವು. ಅವುಗಳ ನಡುವೆ ಕಾಲವೇ ದಪ್ಪಗಾಗುತ್ತದೆ ಎಂದು ನಿಲೋಫರ್ ವಿವರಿಸಿದಳು. "ನೀರಲ್ಲಿ ಸೌಟು ತಿರುಗಿಸೋದಕ್ಕೂ ಬೆಲ್ಲದ ಪಾಕದಲ್ಲಿ ತಿರುಗಿಸೋದಕ್ಕೂ ವ್ಯತ್ಯಾಸ ಇದೆಯಲ್ಲ, ಹಾಗೆ. ಆದರೆ ಒಳಗಿರೋರಿಗೆ ಅದು ಗೊತ್ತಾಗೋದಿಲ್ಲ. ಅವರಿಗೆ ಎಲ್ಲ ಮಾಮೂಲು." ಮೇಲೆ ಒಂದು ಲಾರಿ ಹೋದರೂ ಉಂಗುರ ಅದುರಬಾರದು. ಅದಕ್ಕೇ ಅಷ್ಟು ಆಳ. ಜೊತೆಗೆ ಒಬ್ಬ ದೊಡ್ಡವರು ಹೋಗಬಹುದು. ಕಾಯಿಲೆಯ ಇಪ್ಪತ್ತು ದಿನಗಳನ್ನು ಇಪ್ಪತ್ತು ವರ್ಷಕ್ಕೆ ಎಳೆಯಬಹುದು.

ನಾಗವೇಣಿ ಬಟ್ಟೆ ಕಟ್ಟಿಕೊಂಡು ಸಿದ್ಧಳಾದಳು. ಪಿಳ್ಳಮ್ಮ ಆ ಗಂಟನ್ನು ಬಿಚ್ಚಿದಳು.

"ನೀನು ಒಳಗೋದ್ರೆ ಈ ಕೂಸಿನ ಗತಿ? ನಂಗೀಗ ಅರವತ್ನಾಲ್ಕು. ನಾಳೆ ನಾನು ಸತ್ರೆ ನಂದೀನ ಯಾರ್ ನೋಡ್ತಾರೆ?"

"ಅತ್ತೆ, ಅವಳು ನನ್ನ ಬಿಟ್ಟು ಇರಲ್ಲ."

"ನನ್ ಜೊತೆ ಇರ್ತಾಳೆ. ನಂಗೆ ಹತ್ತು ದಿನ ಆದ್ರೇನು, ಹತ್ತು ವರ್ಷ ಆದ್ರೇನು, ನಾ ನೋಡಾಕೆ ಉಳ್ದಿರೋದಾದ್ರೂ ಏನೈತೆ? ನೀನು ಇಲ್ಲಿರು. ಒಂದು ಮಗೀಗೆ ತಾಯಿ ಬೇಕು, ಇನ್ನೊಂದು ಮಗೀಗೆ ಟೈಮ್ ಬೇಕು. ಎರಡನ್ನೂ ನೀನೊಬ್ಳೇ ಕೊಡಾಕಾಗಲ್ಲ."

ಹೀಗೆ ಮೇ ತಿಂಗಳ ಒಂದು ಬೆಳಿಗ್ಗೆ ಪಿಳ್ಳಮ್ಮ ಮೊಮ್ಮಗಳನ್ನು ಎತ್ತಿಕೊಂಡು ಗಣಿಯ ಪಂಜರದಂಥ ಲಿಫ್ಟಿನಲ್ಲಿ ಕೆಳಗಿಳಿದಳು. ನಾಗವೇಣಿ ಗಣಿಯ ಹಳೆಯ ಸಾಲುಮನೆಯೊಂದಕ್ಕೆ ಬಂದು ಸೇರಿದಳು. ಕರಿಹಲಗೆಯನ್ನೂ ತಂದಿದ್ದಳು.

ಒಳಗೆ ಒಂದು ನಿಮಿಷವೆಂದರೆ ಹೊರಗೆ ಆರು ತಾಸು. ಬೆಳಿಗ್ಗೆ ಹತ್ತಕ್ಕೆ ಹೇಳಿದ ಒಂದು ನಿಮಿಷದ ಪಾಠವನ್ನು ಯಂತ್ರ ಹಿಗ್ಗಿಸಿ ಒಳಗಿನ ಟೀವಿಗೆ ಕಳಿಸುತ್ತಿತ್ತು. ಮೇದಿನಿ ಅದನ್ನು ಕೇಳಿ ಮುಗಿಸುವಾಗ ಹೊರಗೆ ಸಂಜೆ ನಾಲ್ಕು. ಅವಳು ಹತ್ತು ಸೆಕೆಂಡು ಉತ್ತರ ಹೇಳಿದರೆ ಐದು. ಆ ಉತ್ತರವನ್ನು ಸೆಲ್ವರಾಜ್ ಕುಗ್ಗಿಸಿ ಕೇಳಿಸುತ್ತಿದ್ದ. ತೊಳೆಯುವ ಪಾತ್ರೆ ಅಲ್ಲೇ ಬಿಟ್ಟು, ನಂದೀಶನನ್ನು ಸೊಂಟಕ್ಕೇರಿಸಿಕೊಂಡು ನಾಗವೇಣಿ ಐದಕ್ಕೆ ಓಡುತ್ತಿದ್ದಳು.

ಮೊದಲ ವಾರ ಬಂದ ಉತ್ತರ: "ಅಮ್ಮಾ, ನೀನ್ಯಾಕೆ ಮಾತಾಡಿ ಮಾತಾಡಿ ಓಡೋಗ್ತೀಯ?"

ಮೇದಿನಿಗೆ ಅಮ್ಮ ನಾಲ್ಕು ನಿಮಿಷಕ್ಕೊಮ್ಮೆ ಟೀವಿಯಲ್ಲಿ ಬರುತ್ತಿದ್ದಳು. ಒಂದು ನಿಮಿಷ ಇರುತ್ತಿದ್ದಳು, ಹೋಗುತ್ತಿದ್ದಳು. ಪ್ರತಿ ಸಲವೂ ಬೇರೆ ಸೀರೆ. ಬೆಳಗಿನಿಂದ ಮಧ್ಯಾಹ್ನದೊಳಗೆ ತಮ್ಮನ ಎರಡು ಹಲ್ಲು ಬಿದ್ದು ಹುಟ್ಟಿದ್ದವು. ಅವಳು ಹತ್ತು ತಾಸು ಮಲಗಿದರೆ ಹೊರಗೆ ಐದು ತಿಂಗಳು. ಆ ಐದು ತಿಂಗಳೂ ನಾಗವೇಣಿ ಹತ್ತು ಗಂಟೆಗೆ ಹೋಗಿ ಮಲಗಿರುವ ಮಗಳ ಚಿತ್ರದ ಮುಂದೆ ಕೂತು ಬರುತ್ತಿದ್ದಳು. ನೇರ ಚಿತ್ರದಲ್ಲಿ ಯಾವುದೂ ಚಲಿಸಿದಂತೆ ಕಾಣುತ್ತಿರಲಿಲ್ಲ. ಒಮ್ಮೆ ರೆಪ್ಪೆ ಬಡಿಯಲು ಒಂದು ನಿಮಿಷಕ್ಕೂ ಹೆಚ್ಚು ಬೇಕಿತ್ತು. ಮಗಳು ನಗತೊಡಗಿದ್ದಾಳೆ ಎಂದು ಸೆಲ್ವರಾಜ್ ಹೇಳಿಕಳಿಸಿದರೆ ಒಲೆ ಆರಿಸಿ ಹೋಗಿ ನೋಡಿದರೂ ಆ ನಗು ಇನ್ನೂ ತುಟಿಯ ಮೇಲೆ ಇರುತ್ತಿತ್ತು.

ಎರಡನೆಯ ವರ್ಷ ಅವಳಿಗೆ ತಡೆಯಲಾಗಲಿಲ್ಲ. ಕೋಣೆಗೆ ಹೋಗಲು ಒಂದು ಉದ್ದನೆಯ ಓಣಿಯಿತ್ತು. ಹೆಜ್ಜೆಹೆಜ್ಜೆಗೂ ಕಾಲ ದಪ್ಪಗಾಗುವ ಓಣಿ. "ಅರ್ಧ ಗಂಟೆ ಮಾತ್ರ" ಎಂದು ನಂದೀಶನನ್ನು ಸೆಲ್ವರಾಜನ ಹೆಂಡತಿ ಎಸ್ತರ್ ಬಳಿ ಬಿಟ್ಟು ಹೋದಳು. ಮಗಳನ್ನು ತಬ್ಬಿಕೊಂಡು, ತಲೆ ಬಾಚಿ, ಜಡೆ ಹಾಕಿ ಬಂದಳು. ಅರ್ಧ ಗಂಟೆ ಎಂದದ್ದು ಒಂದು ಗಂಟೆ ಇಪ್ಪತ್ತು ನಿಮಿಷವಾಗಿ, ಹೊರಗೆ ಇಪ್ಪತ್ತು ದಿನ ಕಳೆದಿತ್ತು. ನಂದೀಶನಿಗೆ ಜ್ವರ ಬಂದು ಹೋಗಿತ್ತು. ಅವನು ಎಸ್ತರಳ ಸೆರಗಿನ ಹಿಂದೆ ನಿಂತು ಅಮ್ಮನನ್ನು ನೋಡಿದ, ಹತ್ತಿರ ಬರಲಿಲ್ಲ. ಕರೆದರೆ ತಲೆ ಅಲ್ಲಾಡಿಸಿದ. ಅವತ್ತಿನಿಂದ ನಾಗವೇಣಿ ಆ ಓಣಿಯ ಕಡೆ ಹೋಗಲಿಲ್ಲ.

ಪಾಠ ನಡೆಯಿತು. ಒತ್ತಕ್ಷರ ಮುಗಿಸಲು ಎರಡೂವರೆ ವರ್ಷ ಹಿಡಿಯಿತು. ಒಳಗೆ ಅದು ಎರಡೂವರೆ ದಿನ. ಒಂದು ನಿಮಿಷದಲ್ಲಿ ಏನನ್ನು ಹೇಗೆ ಹೇಳಬೇಕೆಂದು ನಾಗವೇಣಿ ಹಿಂದಿನ ದಿನವೆಲ್ಲ ಯೋಚಿಸುತ್ತಿದ್ದಳು. ಸಾರಿಗೆ ಒಗ್ಗರಣೆ ಹಾಕುವಾಗಲೂ ಬಾಯಲ್ಲಿ ಅದನ್ನೇ ಹೇಳಿ ನೋಡುತ್ತಿದ್ದಳು. ನಂದೀಶ ಅದನ್ನು ಪಕ್ಕದಲ್ಲೇ ಕೂತು ಕೇಳುತ್ತಿದ್ದ. ಮೂರನೆಯ ವರ್ಷಕ್ಕೆ ಅವನಿಗೂ ಏಳು. ಅಕ್ಕ ತಮ್ಮ ಇಬ್ಬರಿಗೂ ಒಂದೇ ಪಾಠ, ಒಂದೇ ತಪ್ಪು. ಆ ವರ್ಷ ಅವರಿಬ್ಬರೂ ಏಳರ ಮಗ್ಗಿಯನ್ನು ಒಟ್ಟಿಗೆ ಹೇಳಿದರು. ಅವನು ಹೊರಗಿನಿಂದ ಒಂದು ಸಾಲು, ಅವಳು ಒಳಗಿನಿಂದ ಒಂದು ಸಾಲು. ಹತ್ತು ಸಾಲಿಗೆ ಐದು ದಿನ. ಏಳು ಹತ್ತಲ ಎಪ್ಪತ್ತು ಎಂದು ಅವಳ ದನಿ ಬಂದಾಗ ನಂದೀಶ ಕುಣಿದಾಡಿದ.

ನಾಲ್ಕನೆಯ ವರ್ಷ ಅವನು ಅಕ್ಕನನ್ನು ದಾಟಿದ.

"ಅಕ್ಕ ಇನ್ನೂ ಕಳೆಯೋ ಲೆಕ್ಕದಲ್ಲೇ ಇದ್ದಾಳಾ?" ಎಂದು ಕೇಳಿದ. ಆಮೇಲೆ ಅವನಿಗೆ ಬೇರೆ ಪಾಠ, ಅವಳಿಗೆ ಬೇರೆ ಪಾಠ. ಆದರೆ ದಿನದ ಒಳ್ಳೆಯ ಹೊತ್ತೆಲ್ಲ ಒಂದು ನಿಮಿಷಕ್ಕೆ ಹೋಗುತ್ತಿತ್ತು, ಅವನಿಗೆ ಉಳಿಯುತ್ತಿದ್ದುದು ಆಯಾಸ. ಭಿನ್ನರಾಶಿ ಹೇಳಿಕೊಡುತ್ತಾ ಅವಳು ಅರ್ಧದಲ್ಲಿ ಗೋಡೆ ಗಡಿಯಾರ ನೋಡಿ ಏಳುತ್ತಿದ್ದಳು. ಹನ್ನೊಂದನೆಯ ವಯಸ್ಸಿಗೆ ಒಂದು ದಿನ ಅವನು ಪುಸ್ತಕ ಮುಚ್ಚಿಟ್ಟ.

"ಅಮ್ಮಾ, ನಾನು ಸ್ಕೂಲಿಗೆ ಹೋಗ್ತೀನಿ."

"ಮನೇಲೇ ಓದ್ತಾ ಇದೀಯಲ್ಲೋ."

"ಇದು ಅಕ್ಕನ ಸ್ಕೂಲು. ನಾನು ಬರೀ ಕೇಳಿಸ್ಕೊಳ್ತಾ ಇದ್ದೆ."

ಅವನು ಕೋಪದಿಂದ ಹೇಳಿರಲಿಲ್ಲ. ಅದಕ್ಕೇ ಅದು ನಾಗವೇಣಿಗೆ ಹೆಚ್ಚು ನಾಟಿತು. ಮರುದಿನ ತಾನೇ ಕರೆದುಕೊಂಡು ಹೋಗಿ ಊರ ಶಾಲೆಗೆ ಸೇರಿಸಿ ಬಂದಳು. ಹತ್ತು ಗಂಟೆಗೆ ಅವಳು ಒಬ್ಬಳೇ ಕ್ಯಾಮೆರಾದ ಎದುರು ಕೂತಾಗ ಸಂಜೆ ಬಂದ ಉತ್ತರ: "ನಂದಿ ಎಲ್ಲಿ? ಅವನ್ನ ಹೊರಗಡೆ ನಿಲ್ಸಿದ್ದೀಯಾ?"

ಒಳಗೆ ದಿನ ಕಳೆದಂತೆ ಮೇದಿನಿಯ ಬೆರಳುಗಳು ಸೋತವು. ಎರಡನೆಯ ದಿನ ಅವಳ ಅಕ್ಷರ ಗುಂಡಗಿತ್ತು. ನಾಲ್ಕನೆಯ ದಿನ ಸಾಲು ಬಿಟ್ಟು ಕೆಳಗಿಳಿಯಿತು. ಆರನೆಯ ದಿನ ಸೀಮೆಸುಣ್ಣ ಕೈಯಲ್ಲಿ ನಿಲ್ಲಲಿಲ್ಲ. ಆಗ ಒಂದು ಸಂಜೆ ಪರದೆಯ ಮೇಲೆ ಬಂದ ಸ್ಲೇಟಿನಲ್ಲಿ ಬೇರೆ ಯಾರದೋ ಬರಹ ಇತ್ತು. ಬಲಕ್ಕೆ ವಾಲಿದ, ನಡುಗುವ ಒಂದು 'ರ', ಅದರ ಪಕ್ಕ ಒಂದು 'ಗ'.

"ಅಜ್ಜಿ ಬರ್ದಿದ್ದು!" ಮೇದಿನಿಯ ದನಿಯಲ್ಲಿ ಹೆಮ್ಮೆ. "ನಾನು ಬಾಯಲ್ಲಿ ಹೇಳ್ತೀನಿ, ಅಜ್ಜಿ ಬರೀತಾಳೆ. ಅಜ್ಜಿಗೆ ಏನೂ ಬರಲ್ಲಮ್ಮ, ಎಲ್ಲ ನಾನೇ ಹೇಳ್ಕೊಡ್ಬೇಕು."

ಅಂದಿನಿಂದ ನಾಗವೇಣಿಗೆ ಒಳಗೆ ಇಬ್ಬರು ವಿದ್ಯಾರ್ಥಿಗಳು. ತಾನು ಹೇಳಿದ್ದನ್ನು ಮಗಳು ಅಜ್ಜಿಗೆ ಹೇಳುವುದು, ಅಜ್ಜಿ ನಾಲಿಗೆ ಕಚ್ಚಿಕೊಂಡು ಬರೆಯುವುದು, ಮಗಳು "ತಪ್ಪು ಅಜ್ಜಿ, ಅಳಿಸು" ಎನ್ನುವುದು, ಎಲ್ಲವನ್ನೂ ದಿನಕ್ಕೆ ನಾಲ್ಕು ನಿಮಿಷದಂತೆ ನೋಡಿದಳು. ವರ್ಷ ವರ್ಷಕ್ಕೆ ಪಿಳ್ಳಮ್ಮನ ಅಕ್ಷರ ನೆಟ್ಟಗಾಯಿತು. ವರ್ಷ ವರ್ಷಕ್ಕೆ ಮಗಳ ದನಿ ಸಣ್ಣಗಾಯಿತು.

ಈ ನಡುವೆ ಔಷಧಿಯ ಸುದ್ದಿ ಬಂದು ಬಂದು ಹೋಗುತ್ತಿತ್ತು. ಇಲಿಗಳಲ್ಲಿ ಫಲ ಸಿಕ್ಕಿದೆ ಎಂದರು. ಆಮೇಲೆ ಮಂಗಗಳಲ್ಲಿ ಸಿಗಲಿಲ್ಲ ಎಂದರು. ಬೇರೆ ದಾರಿ ಹಿಡಿದಿದ್ದಾರೆ ಎಂದರು. ಎಂಟನೆಯ ವರ್ಷ ಕೊನೆಗೂ ಮಕ್ಕಳ ಮೇಲೆ ಪರೀಕ್ಷೆ ಶುರುವಾಗುತ್ತದೆ ಎಂದಾಗ ನಾಗವೇಣಿ ಆ ಒಂದು ನಿಮಿಷದಲ್ಲಿ ಪಾಠ ಹೇಳದೆ ಬರೀ ನಕ್ಕಳು.

ಒಂಬತ್ತನೆಯ ವರ್ಷದ ಮೇ ತಿಂಗಳಲ್ಲಿ ಉತ್ತರದ ಬದಲು ಪರದೆಯ ಮೇಲೆ ಸ್ಲೇಟು ಬಂತು. ಮಗಳು ಹಿಂದೆ ಮಲಗಿದ್ದಳು. ಪಿಳ್ಳಮ್ಮ ಮಾತಾಡಿರಲಿಲ್ಲ, ಮಗು ಕೇಳಿಸಿಕೊಳ್ಳಬಾರದು ಎಂದು. ಎರಡೂ ಕೈಯಲ್ಲಿ ಸ್ಲೇಟು ಎತ್ತಿ ಹಿಡಿದಿದ್ದಳು. ಒಂದಕ್ಕೂ ಒತ್ತಿಲ್ಲದ ಮೂರು ಪದ:

ನಾಗ ನೀನು ಬಾ.

ನಿಲೋಫರ್ ಉಪಕರಣಗಳನ್ನು ನೋಡಿ ಮೆಲ್ಲಗೆ ಹೇಳಿದಳು. ಡಾಕ್ಟರುಗಳ ಲೆಕ್ಕ ಇಪ್ಪತ್ತು ದಿನದ್ದಾಗಿತ್ತು. ಕಾಯಿಲೆ ಲೆಕ್ಕ ಕೇಳಲಿಲ್ಲ. ಉಸಿರಿನ ನರ ಆಗಲೇ ಸೋಲುತ್ತಿತ್ತು. ಇನ್ನು ಒಂದು ದಿನ ಇರಬಹುದು.

"ಆಚೆ ಕರ್ಕೊಂಡು ಬಂದುಬಿಡ್ಲಾ? ಮನೆಗೆ?" ನಾಗವೇಣಿ ಕೇಳಿದಳು.

"ಆಚೆ ಬಂದರೆ ಒಂದೇ ದಿನ. ಒಳಗಿದ್ದರೆ ಔಷಧಿಗೆ ಇನ್ನೂ ಒಂದು ವರ್ಷ ಸಿಗುತ್ತೆ. ಅಷ್ಟರಲ್ಲಿ ಬರಬಹುದು, ನಾಗವೇಣಿ. ಬರುತ್ತೆ ಅಂತ ನಾನು ಹೇಳಲ್ಲ."

ಒಳಗೆ ಹೋದರೆ ಮಗನ ಒಂದು ವರ್ಷ ಹೋಗುತ್ತದೆ. ಹದಿಮೂರರ ಹುಡುಗ. ಅವಳು ಮನೆಗೆ ಬಂದು ರಾಗಿ ಮುದ್ದೆ ಮಾಡಿದಳು, ಬಡಿಸಿದಳು, ತಾನು ತಟ್ಟೆ ಮುಂದೆ ಸುಮ್ಮನೆ ಕೂತಳು. ನಂದೀಶನೇ ಹೇಳಿದ.

"ಸೆಲ್ವ ಮಾಮ ಎಲ್ಲ ಹೇಳಿದ್ರು. ಹೋಗಮ್ಮ."

"ನಿನ್ನ..."

"ಎಸ್ತರ್ ಅತ್ತೆ ಮನೇಲಿ ಇರ್ತೀನಿ. ನಂಗೇನು ಅನ್ನ ಮಾಡ್ಕೊಳ್ಳೋಕೆ ಬರಲ್ವಾ?"

"ಒಂದು ವರ್ಷ ಕಣೋ ನಂದಿ."

ಅವನು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ. "ಹೋಗದೆ ಇದ್ರೆ ನೀನು ಇಲ್ಲೇ ಇರ್ತೀಯ. ಆದ್ರೆ ಇರಲ್ಲ. ಆಮೇಲೆ ಯಾವತ್ತೂ ನಂಗೆ ಸಿಗಲ್ಲ ನೀನು." ಕಣ್ಣು ಒರೆಸಿಕೊಂಡ. "ಔಷಧಿ ವಿಷಯ ನಾನು ನೋಡ್ಕೋತೀನಿ. ಕೈಗೆ ಬಂದ ತಕ್ಷಣ ಕೋಣೆ ಬಾಗಿಲ ಮೇಲಿನ ದೀಪ ಹಾಕಿಸ್ತೀನಿ. ಅಲ್ಲೀವರೆಗೂ ಏನೂ ಕಳಿಸಲ್ಲ. ನಾಲ್ಕು ನಿಮಿಷಕ್ಕೊಂದ್ಸಲ ನಾನು ಟೀವೀಲಿ ಬಂದ್ರೆ ನೀನು ಅಕ್ಕನ ಜೊತೆ ಇದ್ದಂಗೆ ಆಗಲ್ಲ."

ಮರುದಿನ ಅವನು ಶ್ರೀನಿವಾಸಪುರದ ಒಂದು ಮಲಗೋವಾ ಮಾವಿನ ಹಣ್ಣನ್ನು ತಂದು ಅವಳ ಚೀಲಕ್ಕೆ ಹಾಕಿದ. ಓಣಿಯ ಬಾಗಿಲವರೆಗೂ ಬಂದ. ಅವಳು ಹಿಂದಿರುಗಿ ನೋಡಿದಾಗ, ನಿಧಾನ ಕಾಲದ ಅಂಚಿನಾಚೆ ಅವನು ಆಗಲೇ ಏನೋ ಅವಸರದಲ್ಲಿರುವವನಂತೆ ಕಂಡ.

ಒಳಗೆ ಬೆಳಗಿನ ಎಂಟು ಗಂಟೆ. ಪಿಳ್ಳಮ್ಮ ಸೊಸೆಯ ಮುಖ ನೋಡಿ, "ಎಷ್ಟು ಸೊರಗಿದೀಯೆ ನನ್ನವ್ವ" ಎಂದು ಕೆನ್ನೆ ಸವರಿದಳು. ಅತ್ತೆಗೆ ಇನ್ನೂ ಅರವತ್ನಾಲ್ಕು, ಸೊಸೆಗೆ ನಲವತ್ತಾಗಿತ್ತು.

ಮೇದಿನಿ ದಿಂಬಿಗೊರಗಿ ಕೂತಿದ್ದಳು. ಕಣ್ಣು ಮಾತ್ರ ಮೊದಲಿನಂತೆ. ಅಮ್ಮನನ್ನು ತುಂಬ ಹೊತ್ತು ನೋಡಿದಳು.

"ನೀನು ನಿಜವಾದ ಅಮ್ಮಾನಾ, ಟೀವಿ ಅಮ್ಮಾನಾ?"

"ನಿಜವಾದವಳೇ ಕಣೆ, ಮುಟ್ಟಿ ನೋಡು."

ಮುಟ್ಟಲು ಕೈ ಏಳಲಿಲ್ಲ. ನಾಗವೇಣಿ ಆ ಕೈಯನ್ನು ತಾನೇ ಎತ್ತಿ ಕೆನ್ನೆಗೆ ಇಟ್ಟುಕೊಂಡಳು.

"ತಲೇಲಿ ಬಿಳಿ ಇದೆ. ಮೊನ್ನೆ ಜಡೆ ಹಾಕೋಕೆ ಬಂದಾಗ ಇರ್ಲಿಲ್ಲ."

"ಹೂಂ. ಆಮೇಲೆ ಬಂತು."

"ಒಂದು ನಿಮಿಷ ಆದ್ಮೇಲೆ ಹೋಗ್ತೀಯಾ?"

"ಹೋಗಲ್ಲ."

ಮೇದಿನಿ ನಂಬಲಿಲ್ಲ. ಕಣ್ಣು ಮುಚ್ಚಿ ಎಣಿಸತೊಡಗಿದಳು. ದನಿ ಇಲ್ಲದೆ ಬರೀ ತುಟಿಯಲ್ಲಿ. ಉಸಿರು ಸಾಲದೆ ಹತ್ತಕ್ಕೊಮ್ಮೆ ನಿಲ್ಲಿಸಿದಳು. ನಾಗವೇಣಿ ತುಟಿಯನ್ನೇ ನೋಡುತ್ತಾ ಜೊತೆಗೆ ಎಣಿಸಿದಳು. ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಮಗು ಒಂದು ಕಣ್ಣು ತೆರೆಯಿತು. ಅಮ್ಮ ಅಲ್ಲೇ ಇದ್ದಳು.

"ಅರವತ್ತೊಂದು" ಎಂದು ಜೋರಾಗಿ ಹೇಳಿ ನಕ್ಕಿತು.

ಅಂದು ಪಾಠ ಇರಲಿಲ್ಲ. ಮಾವಿನ ಹಣ್ಣನ್ನು ನುಂಗಲಾಗಲಿಲ್ಲ. ಮೂಗಿನ ಹತ್ತಿರ ಹಿಡಿದಾಗ ಕಣ್ಣು ಅರಳಿಸಿದಳು, ತುಟಿಗೆ ರಸ ಸವರಿದಾಗ ನಾಲಿಗೆ ಹೊರಗೆ ಬಂತು. ನಂದಿಯ ವಿಷಯ ಕೇಳಿದಳು. ಅವನು ಎಂಟನೇ ಕ್ಲಾಸು ಎಂದಾಗ ಮುಖ ಸಣ್ಣಗಾಯಿತು.

"ನಾನು ಇನ್ನೂ ಎರಡನೇ ಕ್ಲಾಸು. ಅವನು ನನ್ನ ಅಕ್ಕ ಅಂತಾನಾ?"

"ಅಕ್ಕ ಅಂತಲೇ ಅನ್ನೋದು. ಈ ಹಣ್ಣು ಅಕ್ಕಂಗೆ ಅಂತ ಅವನೇ ತಂದುಕೊಟ್ಟಿದ್ದು."

"ಅವನಿಗೆ ಎಂಟನೇ ಕ್ಲಾಸಿನ ಪಾಠ ಕಷ್ಟ ಆದ್ರೆ ಬಯ್ಬೇಡ. ಹೊರಗಡೆ ನಿಲ್ಸಬೇಡ" ಎಂದಳು ಮೇದಿನಿ.

ನಾಗವೇಣಿ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಮಾತಾಡಿದಳು, ಹಾಡಿದಳು. ನಡುನಡುವೆ ತಿರುಗಿ ಬಾಗಿಲ ಮೇಲಿನ ದೀಪ ನೋಡುತ್ತಿದ್ದಳು. ದೀಪ ಹತ್ತಿರಲಿಲ್ಲ. ಒಂದು ಸಲ ನೋಡಿ ಇನ್ನೊಂದು ಸಲ ನೋಡುವುದರೊಳಗೆ ಹೊರಗೆ ಎರಡು ದಿನ, ಮೂರು ದಿನ. ಮಳೆಗಾಲ ಕಳೆದಿರಬೇಕು. ಅವರೆ ಸುಗ್ಗಿ ಬಂದಿರಬೇಕು.

"ಬಾಗ್ಲು ನೋಡ್ಬೇಡ ಕಣವ್ವ" ಎಂದಳು ಪಿಳ್ಳಮ್ಮ. "ಅದು ತೆರ್ಯೋದಾದ್ರೆ ತಾನೇ ತೆರ್ಕಂತೈತೆ. ನೀನು ಮಗೀನ್ ನೋಡು."

ಆಮೇಲೆ ನಾಗವೇಣಿ ದೀಪ ನೋಡಲಿಲ್ಲ. ಮೇದಿನಿ ನಿದ್ದೆಗೆ ಜಾರಿದಳು, ಎಚ್ಚರಾದಳು, ಮತ್ತೆ ಜಾರಿದಳು. ಎಚ್ಚರಾದಾಗಲೆಲ್ಲ ಅಮ್ಮನಿದ್ದಾಳೆಯೇ ಎಂದು ಕಣ್ಣಲ್ಲೇ ಕೇಳುತ್ತಿದ್ದಳು. ಉಸಿರಾಟ ದೂರ ದೂರವಾಗುತ್ತಾ ಹೋಯಿತು. ನಾಗವೇಣಿ ಒಳಗೆ ಬಂದು ಹತ್ತೊಂಬತ್ತನೆಯ ತಾಸಿಗೆ ಒಂದು ಉಸಿರು ಬಂತು. ಅವಳು ಮುಂದಿನದಕ್ಕೆ ಕಾದಳು. ಅದು ಬರಲಿಲ್ಲ.

ಪಿಳ್ಳಮ್ಮ ಮೊಮ್ಮಗಳ ಕಣ್ಣು ಮುಚ್ಚಿಸಿ ಗೋಡೆಗೆ ಒರಗಿದಳು. ನಾಗವೇಣಿ ಅಳಲಿಲ್ಲ. ಮಡಿಲಿನ ಭಾರವನ್ನು ಹಾಗೇ ಹಿಡಿದು ಕೂತಳು. ಇನ್ನೂ ಬೆಚ್ಚಗಿತ್ತು. ಜಡೆ ಬಿಚ್ಚಿ, ಮತ್ತೆ ಬಾಚಿ, ಮತ್ತೆ ಹಾಕಿದಳು. ಗೋಡೆಯ ಗಡಿಯಾರದಲ್ಲಿ ನಲವತ್ತು ನಿಮಿಷ ಆಗಿತ್ತು. ಆಗ ಅವಳಿಗೆ ಹೊಳೆಯಿತು. ನಲವತ್ತು ನಿಮಿಷ ಅಂದರೆ ಹತ್ತು ದಿನ. ಸತ್ತ ಮಗಳ ಹತ್ತಿರ ಕೂತ ಒಂದೊಂದು ನಿಮಿಷವೂ ಬದುಕಿರುವ ಮಗನ ಆರಾರು ತಾಸು. ಅಳುವುದಕ್ಕೂ ಇಲ್ಲಿ ಹೊತ್ತಿರಲಿಲ್ಲ. ಅವಳು ಎದ್ದು, ಮಗಳನ್ನು ಹೆಗಲಿಗೆ ಹಾಕಿಕೊಂಡು, ಅತ್ತೆಯ ಕೈ ಹಿಡಿದು ಓಣಿಗೆ ಕಾಲಿಟ್ಟಳು.

ಓಣಿಯ ಕೊನೆಯಲ್ಲಿ ಒಬ್ಬ ಉದ್ದನೆಯ ಹುಡುಗ ನಿಂತಿದ್ದ. ಮೇಲ್ದುಟಿಯ ಮೇಲೆ ತೆಳ್ಳಗೆ ಕಪ್ಪು. "ಅಮ್ಮ, ಕೊಡು" ಎಂದ. ಒಡೆದ, ದಪ್ಪ ದನಿ. ಅದು ನಂದೀಶ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಅವನು ಅಕ್ಕನನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಎಷ್ಟು ಹಗುರ ಎಂಬಂತೆ ಒಮ್ಮೆ ಅಮ್ಮನ ಮುಖ ನೋಡಿದ. "ಅಕ್ಕ" ಎಂದ, ಅಷ್ಟೇ.

ಬಂಗಾರಪೇಟೆಯ ಹೊಲದಲ್ಲಿ, ಅಪ್ಪನ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಎಲ್ಲರೂ ಹೊರಟ ಮೇಲೆ ನಿಲೋಫರ್ ನಾಗವೇಣಿಯನ್ನು ಬೇವಿನ ಮರದ ಹತ್ತಿರ ಕರೆದಳು. ಹೇಳಲೋ ಬೇಡವೋ ಎಂದು ಬಹಳ ಒದ್ದಾಡಿ ಹೇಳಿದಳು. ಪರೀಕ್ಷೆಯಲ್ಲಿ ಔಷಧಿ ಗೆದ್ದಿತ್ತು. ನಂದೀಶ ಕೋಲಾರದಿಂದ ದೆಹಲಿಯವರೆಗೆ ಗೊತ್ತಿದ್ದ ವಿಳಾಸಕ್ಕೆಲ್ಲ ಪತ್ರ ಬರೆದಿದ್ದ. ಪ್ರತಿ ಸೋಮವಾರ ರೈಲು ಹತ್ತಿ ಪರೀಕ್ಷೆ ನಡೆಯುತ್ತಿದ್ದ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಪಡಸಾಲೆಯಲ್ಲಿ ಕೂರುತ್ತಿದ್ದ. ಪಟ್ಟಿ ತುಂಬಿದೆ ಎಂದು ಎಂಟು ತಿಂಗಳು ವಾಪಸ್ ಕಳಿಸಿದರು. ಫೆಬ್ರವರಿ ಒಂಬತ್ತಕ್ಕೆ ಒಪ್ಪಿಗೆ ಪತ್ರ ಬಂತು. ಔಷಧಿ ಮಾರ್ಚ್ ಕೊನೆಯ ವಾರಕ್ಕೆ ಎಂದಿತ್ತು. ಮೇದಿನಿಯ ಎದೆಬಡಿತ ನಿಂತದ್ದು ಹೊರಗಿನ ಲೆಕ್ಕದಲ್ಲಿ ಫೆಬ್ರವರಿ ಇಪ್ಪತ್ತನಾಲ್ಕಕ್ಕೆ. "ಒಳಗಿನ ಲೆಕ್ಕದಲ್ಲಿ ಎರಡೇ ಗಂಟೆ ಸಾಲಲಿಲ್ಲ" ಎಂದು ನಿಲೋಫರ್ ಮುಖ ಮುಚ್ಚಿಕೊಂಡಳು. "ಆ ಬಡಿತದ ಗೆರೆ ಮಲಗೋದನ್ನ ಅವನು ನಿಯಂತ್ರಣ ಕೊಠಡೀಲಿ ಕೂತು ನೋಡಿದ. ನಾವು ಎಷ್ಟು ಹೇಳಿದರೂ ಏಳಲಿಲ್ಲ."

ನಾಗವೇಣಿ ಬೇವಿನ ತೊಗಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಕೊನೆಗೆ, "ನನಗೆ ಹೇಳಿದ್ದೀರಿ ಅಂತ ಅವನಿಗೆ ಗೊತ್ತಾಗಬಾರದು" ಎಂದಳು.

ಕಾರ್ಯ ಮುಗಿದ ಮೂರನೆಯ ದಿನ, ಬೆಳಗಿನ ಬಿಸಿಲು ಸಾಲುಮನೆಯ ಜಗಲಿಗೆ ಬಂದಿತ್ತು. ಪಿಳ್ಳಮ್ಮ ಒಳಗೆ ಮಲಗಿದ್ದಳು. ಗೋಡೆ ಗಡಿಯಾರ ಹತ್ತು ಹೊಡೆಯಿತು. ನಾಗವೇಣಿ ತಾನಾಗಿ ಎದ್ದು ನಿಂತಳು. ಹೋಗಬೇಕಾದ ಜಾಗ ಯಾವುದೂ ಇರಲಿಲ್ಲ. ನಂದೀಶ ಜಗಲಿಯಲ್ಲಿ ಕೂತು ಚಪ್ಪಲಿ ಪಟ್ಟಿ ಹೊಲಿಯುತ್ತಿದ್ದ. ಅವಳು ಹೋಗಿ ಅವನೆದುರು ನೆಲದ ಮೇಲೆ ಕೂತಳು.

"ನಿಂಗೆ ಸ್ಕೂಲ್ ಇಲ್ವಾ?"

"ಇವತ್ತು ಹೋಗಲ್ಲ."

"ಹಂಗಾದ್ರೆ ಹೇಳು."

"ಏನನ್ನ?"

"ನಾನಿಲ್ಲದ ವರ್ಷ. ಮೊದಲ ದಿನದಿಂದ ಹೇಳು. ನಾನು ಎಲ್ಲೂ ಏಳಲ್ಲ."

ಅವನು ಮೊದಲು ನಾಚಿಕೊಂಡ. ಹೇಳುವಂಥದ್ದೇನಿಲ್ಲ ಎಂದ. ಆಮೇಲೆ ಮೇ ತಿಂಗಳಲ್ಲಿ ಎಸ್ತರ್ ಅತ್ತೆಯ ಮನೆಯ ನಾಯಿ ಆರು ಮರಿ ಹಾಕಿದ್ದು ಹೇಳಿದ. ಜೂನಿನಲ್ಲಿ ಗಣಿತದ ಮೇಷ್ಟ್ರು ಬದಲಾದದ್ದು, ಜುಲೈನಲ್ಲಿ ಕಬಡ್ಡಿ ಆಡಿ ಮಣಿಕಟ್ಟು ಉಳುಕಿದ್ದು. ದನಿ ಒಡೆದದ್ದು ಆಗಸ್ಟಿನಲ್ಲಂತೆ, ತರಗತಿಯಲ್ಲಿ ಪದ್ಯ ಓದುವಾಗ. ಎಲ್ಲರೂ ನಕ್ಕರಂತೆ. ನಾಗವೇಣಿಯೂ ನಕ್ಕಳು. ಅವನಿಗೆ ಉತ್ಸಾಹ ಬಂತು. ಅಕ್ಟೋಬರಿನಲ್ಲಿ ತಾನೇ ಮುದ್ದೆ ತಿರುವಿದ್ದು, ಗಂಟಾದದ್ದು, ಸೆಲ್ವ ಮಾಮ ಅದನ್ನೇ ಹೊಗಳಿ ತಿಂದದ್ದು. ಡಿಸೆಂಬರಿನಲ್ಲಿ ಎಸ್ತರ್ ಅತ್ತೆ ಹಬ್ಬಕ್ಕೆ ಹೊಸ ಅಂಗಿ ಹೊಲಿಸಿದ್ದು. ಜನವರಿಯಲ್ಲಿ ಅದೇ ಅಂಗಿ ಗಿಡ್ಡವಾದದ್ದು.

ಅಲ್ಲಿಗೆ ಬಂದು ಅವನು ನಿಂತ. ಸೂಜಿಗೆ ದಾರ ಪೋಣಿಸಲು ಹೋದ. ದಾರ ಸೇರಲಿಲ್ಲ.

"ಫೆಬ್ರವರೀಲಿ ಏನೂ ಆಗ್ಲಿಲ್ಲ" ಎಂದ, ತಲೆ ಎತ್ತದೆ.

ನಾಗವೇಣಿ ಅವನ ಕೈಯಿಂದ ಸೂಜಿ ತೆಗೆದುಕೊಂಡು ದಾರ ಪೋಣಿಸಿ ಮರಳಿ ಕೊಟ್ಟಳು.

"ಸರಿ. ಮಾರ್ಚ್‌ನಲ್ಲಿ?"

ಅವನು ಪಟ್ಟಿಗೆ ಒಂದು ಹೊಲಿಗೆ ಹಾಕಿದ.

"ಮಾರ್ಚ್‌ನಲ್ಲಿ ನೀನು ಬಂದೆ" ಎಂದ.